ಗಜಗಳಲ್ಲಿ ಬರೆದ ಹಳೆಯ ದಾಖಲೆಯನ್ನು ಮೀಟರ್ ಓಟಕ್ಕೆ ಹೋಲಿಸುವುದು ಹೇಗೆ?

ಪ್ರಶ್ನೆ – ದೈಹಿಕ ಶಿಕ್ಷಕ, ಗಂಗಾವತಿ

ನಮ್ಮ ಶಾಲೆಯ ಪಡಸಾಲೆಯಲ್ಲಿ ಹಳೆಯ ಕ್ರೀಡಾಕೂಟಗಳ ದಾಖಲೆ ಬರೆದ ಮರದ ಹಲಗೆಯೊಂದಿದೆ. 100 ಗಜದ ಓಟಕ್ಕೆ 11 ಸೆಕೆಂಡು, 440 ಗಜಕ್ಕೆ 56 ಸೆಕೆಂಡು, ಒಂದು ಮೈಲಿಗೆ 5 ನಿಮಿಷ 4 ಸೆಕೆಂಡು ಎಂದು ಅದರಲ್ಲಿದೆ. ಹೊಸ ಫಲಕದಲ್ಲಿ ಇವನ್ನು 100, 400 ಮತ್ತು 1500 ಮೀಟರ್ ದಾಖಲೆಗಳ ಸಾಲಿಗೆ ಸೇರಿಸಬೇಕೆಂದು ಮುಖ್ಯೋಪಾಧ್ಯಾಯರ ಇಚ್ಛೆ. ದೂರದ ಅನುಪಾತದಿಂದ ಗುಣಿಸಿದರೆ ಸರಿಯಾದ ಕಾಲ ಸಿಗುತ್ತದೆಯೇ?

ಉತ್ತರ – ಅಥ್ಲೆಟಿಕ್ಸ್ ತರಬೇತುದಾರ, ಬಳ್ಳಾರಿ

ಸರ್, ಬರಿಯ ಅನುಪಾತ ಇಲ್ಲಿ ದಾರಿ ತಪ್ಪಿಸುತ್ತದೆ. 100 ಗಜ ಎಂದರೆ 91.44 ಮೀಟರ್, ಅನುಪಾತದಂತೆ 11 ಸೆಕೆಂಡು 12.03 ಆಗುತ್ತದೆ. ಆದರೆ ಉಳಿದ 8.56 ಮೀಟರನ್ನು ಹುಡುಗ ನಿಂತಲ್ಲಿಂದ ಹೊರಟು ಓಡುವುದಿಲ್ಲ, ಆಗಲೇ ಪೂರ್ಣ ವೇಗದಲ್ಲಿರುತ್ತಾನೆ. ಸೆಕೆಂಡಿಗೆ ಸುಮಾರು 9 ಮೀಟರ್ ಎಂದು ಹಿಡಿದರೂ ಒಟ್ಟು 11.95ರ ಆಸುಪಾಸಿಗೆ ಬರುತ್ತದೆ. 440 ಗಜ 402.336 ಮೀಟರ್ ಆದುದರಿಂದ ಅಲ್ಲಿ 0.3 ಸೆಕೆಂಡು ಕಳೆದರೆ ಸಾಕು.

ಇದಕ್ಕಿಂತ ದೊಡ್ಡ ತೊಡಕು ಗಡಿಯಾರದ್ದು. ಹಳೆಯ ಸ್ಟಾಪ್‌ವಾಚುಗಳಲ್ಲಿ ಅನೇಕವು ಸೆಕೆಂಡಿನ ಐದನೇ ಒಂದು ಭಾಗವನ್ನಷ್ಟೇ ತೋರಿಸುತ್ತಿದ್ದವು. ಕೈಯಿಂದ ಅಳೆದ 100 ಮೀಟರ್ ಕಾಲಕ್ಕೆ 0.24 ಸೆಕೆಂಡು ಕೂಡಿಸಿದ ಮೇಲೆಯೇ ಅದನ್ನು ವಿದ್ಯುನ್ಮಾನ ಕಾಲದೊಂದಿಗೆ ಹೋಲಿಸುವ ರೂಢಿಯಿದೆ. ಹೀಗಿರುವಾಗ ದಶಮಾಂಶಕ್ಕಾಗಿ ಗುದ್ದಾಡುವುದರಲ್ಲಿ ಅರ್ಥವಿಲ್ಲ.

ಉತ್ತರ – ಗಣಿತ ಉಪನ್ಯಾಸಕಿ, ದೂರ ಓಟದ ಹವ್ಯಾಸಿ, ರಾಯಚೂರು

ಮೈಲಿಯ ವಿಷಯದಲ್ಲೂ ಅನುಪಾತ ಕಾಲವನ್ನು ಹೆಚ್ಚಾಗಿಯೇ ತೋರಿಸುತ್ತದೆ, ಕಾರಣ ಮಾತ್ರ ಬೇರೆ. ಮೈಲಿಯು 1609.344 ಮೀಟರ್, ಅಂದರೆ 1500 ಮೀಟರಿನ 1.073 ಪಟ್ಟು; ಓಟ ಉದ್ದವಾದಂತೆ ಸರಾಸರಿ ವೇಗ ಇಳಿಯುವುದರಿಂದ ಕಾಲ ಮಾತ್ರ ಸುಮಾರು 1.08 ಪಟ್ಟಾಗುತ್ತದೆ. ಮೊರಾಕ್ಕೊದ ಹಿಶಾಮ್ ಎಲ್ ಗೆರೂಜ್ 1998ರಲ್ಲಿ 1500 ಮೀಟರನ್ನು 3 ನಿಮಿಷ 26 ಸೆಕೆಂಡಿನಲ್ಲಿ, 1999ರಲ್ಲಿ ಮೈಲಿಯನ್ನು 3 ನಿಮಿಷ 43.13 ಸೆಕೆಂಡಿನಲ್ಲಿ ಓಡಿದರು, ಭಾಗಿಸಿದರೆ 1.083 ಬರುತ್ತದೆ. ಈ ಲೆಕ್ಕದಲ್ಲಿ ನಿಮ್ಮ 5 ನಿಮಿಷ 4 ಸೆಕೆಂಡು 1500 ಮೀಟರಿಗೆ 4 ನಿಮಿಷ 41 ಸೆಕೆಂಡಿನಷ್ಟಾಗುತ್ತದೆ.

ಆದರೂ ಇದನ್ನು ದಾಖಲೆಯ ಸಾಲಿಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಮಿಲ್ಖಾ ಸಿಂಗ್ 1958ರಲ್ಲಿ ಕಾರ್ಡಿಫ್‌ನಲ್ಲಿ ಚಿನ್ನ ಗೆದ್ದದ್ದು 440 ಗಜದಲ್ಲಿ, 1960ರಲ್ಲಿ ರೋಮ್‌ನಲ್ಲಿ ನಾಲ್ಕನೆಯವರಾದದ್ದು 400 ಮೀಟರಿನಲ್ಲಿ. ಓಡಿದ ದೂರವನ್ನೇ ಬರೆಯುವುದು ಕ್ರಮ.

ಉತ್ತರ – ಬಳ್ಳಾರಿಯ ತರಬೇತುದಾರ

ಮೇಡಂ ಹೇಳಿದ್ದು ಸರಿ. ಗಜದ ದಾಖಲೆಗಳಿಗೆ ಪ್ರತ್ಯೇಕ ಅಂಕಣವಿರಲಿ, ಪರಿವರ್ತಿಸಿದ ಕಾಲವನ್ನು ಪಕ್ಕದಲ್ಲಿ ‘ಅಂದಾಜು’ ಎಂದು ಚಿಕ್ಕದಾಗಿ ಬರೆಸಿರಿ. ಹಲಗೆಯಲ್ಲಿ 120 ಗಜದ ಹರ್ಡಲ್ಸ್ ಇದ್ದರೆ ಅದಕ್ಕೆ ಅಂದಾಜೂ ಬೇಡ: ಅದು 109.728 ಮೀಟರ್, ಇಂದಿನ 110 ಮೀಟರಿಗಿಂತ 27 ಸೆಂಟಿಮೀಟರಷ್ಟೇ ಕಡಿಮೆ, ಮತ್ತು ಎರಡು ಹರ್ಡಲ್‌ಗಳ ನಡುವೆ ಇಂದಿಗೂ ಇರುವುದು 9.14 ಮೀಟರ್, ಅಂದರೆ ಹತ್ತು ಗಜವೇ.