ವೇಪ್ ಹಿಡಿದರೂ ಆ ಎರಡು ಸಿಗರೇಟ್ ಯಾಕೆ ಬಿಡುತ್ತಿಲ್ಲ? ಬ್ರಿಟನ್ ಕನ್ನಡಿಗರ ಪ್ರಶ್ನೆಗಳಿಗೆ ಫಾರ್ಮಸಿಸ್ಟ್ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಲೆಸ್ಟರ್‌ನಲ್ಲಿದ್ದೇನೆ. ದಿನಕ್ಕೆ 15 ಸಿಗರೇಟ್ ಸೇದುತ್ತಿದ್ದೆ. ಮೂರು ವಾರದಿಂದ ರೀಫಿಲ್ ಮಾಡುವ ಸಣ್ಣ ಪಾಡ್ (ಲಿಕ್ವಿಡ್ ತುಂಬಿಸಿ ಎಳೆಯುವ ವೇಪ್, ಅಂದರೆ ಇ-ಸಿಗರೇಟ್) ಬಳಸುತ್ತಿದ್ದೇನೆ. ನಿಕೋಟಿನ್ ಕಡಿಮೆ ಇರಲಿ ಅಂತ ಮಿಲಿಗೆ 6 ಮಿ.ಗ್ರಾಂ ಇರುವ ಲಿಕ್ವಿಡ್ ತಗೊಂಡೆ. ಈಗ ಎರಡು ಸಿಗರೇಟ್ ಉಳಿದಿದೆ, ಎದ್ದ ಕೂಡಲೇ ಒಂದು, ರಾತ್ರಿ ಊಟ ಆದಮೇಲೆ ಒಂದು. ದಿನವಿಡೀ ವೇಪ್ ಬಾಯಲ್ಲೇ ಇದ್ದರೂ ಸಮಾಧಾನ ಇಲ್ಲ.

ಉತ್ತರ: 15ರಿಂದ 2ಕ್ಕೆ ಇಳಿಸಿದ್ದು ಸಣ್ಣ ಕೆಲಸ ಅಲ್ಲ. ನಿಮ್ಮನ್ನು ತಡೆಯುತ್ತಿರುವುದು ಆ 6. ಜನ ನಿಕೋಟಿನ್‌ಗೆ ಹೆದರುತ್ತಾರೆ, ಹೆದರಬೇಕಾದ್ದು ಹೊಗೆಗೆ. ಚಟ ಹಿಡಿಸುವುದು ನಿಕೋಟಿನ್ ಹೌದು, ಆದರೆ ಕ್ಯಾನ್ಸರ್ ತರುವುದು ತಂಬಾಕು ಉರಿದಾಗ ಬರುವ ಟಾರ್, ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯುವುದು ಅದೇ ಹೊಗೆಯ ಕಾರ್ಬನ್ ಮೊನಾಕ್ಸೈಡ್. ವೇಪ್ ಪೂರ್ತಿ ನಿರಪಾಯ ಅಂತ ನಾನು ಹೇಳುವುದಿಲ್ಲ, ಸಿಗರೇಟ್ ಸೇದದವರು ಅದನ್ನು ಮುಟ್ಟಲೂ ಬಾರದು. ನಿಮ್ಮ ಲೆಕ್ಕ ಬೇರೆ.

ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವ ನಿಕೋಟಿನ್ ಸುಮಾರು 1ರಿಂದ 1.5 ಮಿ.ಗ್ರಾಂ, ಅದೂ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಸಣ್ಣ ಪಾಡಿನಲ್ಲಿ 6ರ ಲಿಕ್ವಿಡ್ ಹಾಕಿದರೆ ಅಷ್ಟು ಬೇಗ ಅಷ್ಟು ಸಿಗುವುದಿಲ್ಲ, ಅದಕ್ಕೇ ದಿನವಿಡೀ ಎಳೆಯುತ್ತಿದ್ದೀರಿ. ಇಲ್ಲಿ ಕಾನೂನಿನ ಮಿತಿ ಮಿಲಿಗೆ 20 ಮಿ.ಗ್ರಾಂ. 20ರ ನಿಕ್ ಸಾಲ್ಟ್ (ಲವಣ ರೂಪದ ನಿಕೋಟಿನ್ ಇರುವ ಲಿಕ್ವಿಡ್) ತಗೊಳ್ಳಿ, ವಿಜಿ (ದಪ್ಪ ಗ್ಲಿಸರಿನ್) ಮತ್ತು ಪಿಜಿ (ತೆಳು ಪ್ರೊಪಿಲೀನ್ ಗ್ಲೈಕಾಲ್) 50–50 ಮಿಶ್ರಣದ್ದು. ಸಾಲ್ಟ್ ಗಂಟಲಿಗೆ ಮೆತ್ತಗಿರುತ್ತದೆ, ಬೇಗ ಏರುತ್ತದೆ. ಕಾಯಿಲ್ (ಲಿಕ್ವಿಡ್ ಬಿಸಿ ಮಾಡುವ ತಂತಿಸುರುಳಿ) 0.8ರಿಂದ 1.2 ಓಮ್ ಒಳಗಿರಲಿ.

ಎಳೆಯುವ ರೀತಿಯೂ ಬೇರೆ. ಸಿಗರೇಟನ್ನು ಚುರುಕಾಗಿ ಎಳೆದ ಹಾಗೆ ಎಳೆದರೆ ಲಿಕ್ವಿಡ್ ಬಾಯಿಗೆ ಸಿಡಿಯುತ್ತದೆ. ಮೂರು–ನಾಲ್ಕು ಸೆಕೆಂಡು ನಿಧಾನವಾಗಿ ಬಾಯಿಗೆ ಎಳೆದು, ಆಮೇಲೆ ಉಸಿರಿನ ಜೊತೆ ಒಳಗೆ ಬಿಡಿ. ಅರ್ಧ ನಿಮಿಷ ಬಿಟ್ಟು ಮತ್ತೊಂದು.

ಬೆಳಗಿನ ಸಿಗರೇಟ್ ಎಲ್ಲಕ್ಕಿಂತ ಗಟ್ಟಿ. ನಿಕೋಟಿನ್ ಎರಡು ಗಂಟೆಗೊಮ್ಮೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಎಂಟು ಗಂಟೆ ನಿದ್ದೆಯಲ್ಲಿ ಬಹುಪಾಲು ಖಾಲಿ. ಹಾಗಾಗಿ ರಾತ್ರಿಯೇ ಪಾಡ್ ತುಂಬಿಸಿ, ಚಾರ್ಜ್ ಮಾಡಿ, ಹಾಸಿಗೆ ಪಕ್ಕ ಇಟ್ಟುಕೊಳ್ಳಿ (ಮನೆಯಲ್ಲಿ ಮಕ್ಕಳಿದ್ದರೆ ಕೈಗೆಟುಕದ ಕಡೆ, 10 ಮಿಲಿ ಬಾಟಲಿಯಲ್ಲಿ 200 ಮಿ.ಗ್ರಾಂ ನಿಕೋಟಿನ್ ಇರುತ್ತದೆ, ಮಗು ಕುಡಿದರೆ ಪ್ರಾಣಕ್ಕೇ ಕುತ್ತು). ಎದ್ದ ತಕ್ಷಣ, ಕಾಫಿಗೆ ಮುಂಚೆ, ಎಂಟು–ಹತ್ತು ಪಫ್ ತಗೊಳ್ಳಿ. ರಾತ್ರಿಯದು ಹೆಚ್ಚಾಗಿ ಜಾಗದ ಅಭ್ಯಾಸ. ಊಟ ಆದ ಕೂಡಲೇ ಹಿತ್ತಿಲ ಬಾಗಿಲಿಗೆ ಹೋಗುವವರಾದರೆ ಎರಡು ವಾರ ಅತ್ತ ಹೋಗಬೇಡಿ, ಪಾತ್ರೆ ತೊಳೆಯಲು ನಿಂತುಬಿಡಿ. ಹಪಾಹಪಿಯ ಒಂದು ಅಲೆ ಮೂರರಿಂದ ಐದು ನಿಮಿಷ, ಅಷ್ಟರಲ್ಲಿ ಇಳಿಯುತ್ತದೆ.

"ಎರಡೇ ತಾನೇ" ಅಂತ ಮಾತ್ರ ಬಿಡಬೇಡಿ. ದಿನಕ್ಕೆ ಒಂದೇ ಸೇದುವವರಿಗೂ ಹೃದ್ರೋಗದ ಹೆಚ್ಚುವರಿ ಅಪಾಯ 20 ಸೇದುವವರಿಗೆ ಇರುವುದರ ಸುಮಾರು ಅರ್ಧದಷ್ಟು ಇರುತ್ತದೆ.

ಅದೇ ಸದಸ್ಯರು, ಐದು ದಿನದ ನಂತರ: 20 ಹಾಕಿದೆ ಮೇಡಂ. ಬೆಳಗಿನದು ನಿಂತಿದೆ. ಆದರೆ ಮಧ್ಯಾಹ್ನ ತಲೆ ಸುತ್ತಿ ವಾಕರಿಕೆ ಬರುತ್ತದೆ.

ಉತ್ತರ: ಬೆಳಗಿನದು ನಿಂತಿತಲ್ಲ, ತುಂಬಾ ಸಂತೋಷ! ವಾಕರಿಕೆ, ಬಿಕ್ಕಳಿಕೆ, ತಲೆನೋವು ಬಂದರೆ ನಿಕೋಟಿನ್ ಜಾಸ್ತಿ ಆಯ್ತು ಅಂತ ಅರ್ಥ. 6ರಲ್ಲಿದ್ದಾಗ ಎಳೆದಷ್ಟೇ ಸಲ 20ನ್ನೂ ಎಳೆಯುತ್ತಿದ್ದೀರಿ. ಸಾಧನ ಕೆಳಗಿಟ್ಟು ನೀರು ಕುಡಿಯಿರಿ, ಅರ್ಧ ಗಂಟೆಯೊಳಗೆ ಸರಿಹೋಗುತ್ತದೆ. ಇನ್ನು ಮೇಲೆ ಬೇಕೆನಿಸಿದಾಗ ನಾಲ್ಕೈದು ಪಫ್, ಆಮೇಲೆ ಜೇಬಿಗೆ. ಆದರೂ ಆಗುತ್ತಿದ್ದರೆ ಬೆಳಿಗ್ಗೆ 20, ಹಗಲಿಗೆ 10 ಅಂತ ಎರಡು ಪಾಡ್ ಇಟ್ಟುಕೊಳ್ಳಿ.

ಪ್ರಶ್ನೆ: ಹೊಸ ಕಾಯಿಲ್ ಹಾಕಿದ ದಿನವೇ ಸುಟ್ಟ ವಾಸನೆ. ಕೆಮ್ಮೂ ಇದೆ. ವೇಪ್ ನನಗೆ ಆಗಿಬರುವುದಿಲ್ಲವೇ?

ಉತ್ತರ: ಕಾಯಿಲ್ ಒಳಗಿನ ಹತ್ತಿ ಒಣಗಿದ್ದಾಗಲೇ ಬಿಸಿಯಾಗಿದೆ. ಒಮ್ಮೆ ಸುಟ್ಟ ಹತ್ತಿ ರಿಪೇರಿ ಆಗುವುದಿಲ್ಲ, ಎಸೆಯಿರಿ, ಆ ಹೊಗೆ ಎಳೆಯಬೇಡಿ. ಹೊಸದಕ್ಕೆ ಬದಿಯ ತೂತುಗಳಲ್ಲಿ ಕಾಣುವ ಬಿಳಿ ಹತ್ತಿಯ ಮೇಲೆ ಎರಡು ಮೂರು ಹನಿ ಬಿಟ್ಟು, ಪಾಡ್ ತುಂಬಿಸಿ, ಹತ್ತು ನಿಮಿಷ ಸುಮ್ಮನೆ ಇಡಿ. ಶೇ. 70ಕ್ಕಿಂತ ಹೆಚ್ಚು ವಿಜಿ ಇರುವ ದಪ್ಪ ಲಿಕ್ವಿಡ್ ಸಣ್ಣ ಕಾಯಿಲ್‌ಗೆ ಇಳಿಯುವುದಿಲ್ಲ. ಸಿಹಿ ಫ್ಲೇವರ್ ಬೇಗ ಕಪ್ಪುಗಟ್ಟುತ್ತದೆ. ಕಾಯಿಲ್ ಬಾಳಿಕೆ ಒಂದೆರಡು ವಾರ.

ಮೊದಲ ಎರಡು ವಾರದ ಕೆಮ್ಮು ಸಾಮಾನ್ಯ. ಮೂರು ವಾರ ಮೀರಿದರೆ, ಅಥವಾ ಕಫದಲ್ಲಿ ರಕ್ತ ಕಂಡರೆ ಅದೇ ದಿನ, ಜಿಪಿಗೆ (ನಿಮ್ಮ ಫ್ಯಾಮಿಲಿ ಡಾಕ್ಟರಿಗೆ) ತೋರಿಸಿ. ವೇಪ್ ಮೇಲೆ ಹಾಕಿ ಸುಮ್ಮನಿರಬೇಡಿ.

ಪ್ರಶ್ನೆ: ಸಿಗರೇಟ್ ಪೂರ್ತಿ ಬಿಟ್ಟು ಎರಡು ವಾರ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಹಪಾಹಪಿ ಅಂದುಕೊಂಡು ಮತ್ತಷ್ಟು ವೇಪ್ ಮಾಡುತ್ತಿದ್ದೇನೆ. ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುತ್ತೇನೆ, ಅದು ಮೊದಲಿನಿಂದಲೂ ಇದ್ದದ್ದೇ.

ಉತ್ತರ: ಕಾಫಿ ಅಷ್ಟೇ ಇದೆ, ನಿಮ್ಮ ಲಿವರ್ ಬದಲಾಗಿದೆ. ಸಿಗರೇಟ್ ಹೊಗೆಯ ಟಾರ್ ಕೆಫೀನ್ ಕರಗಿಸುವ ಕಿಣ್ವವನ್ನು ಚುರುಕು ಮಾಡಿಟ್ಟಿರುತ್ತದೆ. ಹೊಗೆ ನಿಂತ ವಾರದೊಳಗೆ ಅದು ನಿಧಾನವಾಗುತ್ತದೆ, ಅದೇ ಲೋಟಕ್ಕೆ ರಕ್ತದಲ್ಲಿ ನಿಲ್ಲುವ ಕೆಫೀನ್ ಹೆಚ್ಚುಕಡಿಮೆ ದುಪ್ಪಟ್ಟು. ಇದಕ್ಕೂ ನಿಕೋಟಿನ್‌ಗೂ ಸಂಬಂಧ ಇಲ್ಲ, ಹಾಗಾಗಿ ವೇಪ್ ಇದನ್ನು ಸರಿಮಾಡದು. ನಾಲ್ಕನ್ನು ಎರಡು ಮಾಡಿ, ಮಧ್ಯಾಹ್ನದ ನಂತರ ಬೇಡ, ಡಿಕಾಕ್ಷನ್ ತೆಳ್ಳಗಿರಲಿ. ಒಂದು ವಾರ ಹೀಗೆ ಮಾಡಿಯೂ ಡವಡವ ನಿಲ್ಲದಿದ್ದರೆ ಜಿಪಿ ಹತ್ತಿರ ಹೋಗಿ.

ಎಲ್ಲರೂ ಗಮನಿಸಿ: ಓಲಾಂಜಪಿನ್, ಕ್ಲೋಜಪಿನ್, ಥಿಯೋಫಿಲಿನ್ ಮಾತ್ರೆಗಳಿಗೂ ಇದೇ ಕಿಣ್ವ. ಅವನ್ನು ತೆಗೆದುಕೊಳ್ಳುವವರು ಸಿಗರೇಟ್ ಬಿಡುವ ಮುಂಚೆಯೇ ವೈದ್ಯರಿಗೆ ಹೇಳಲೇಬೇಕು, ಡೋಸ್ ಇಳಿಸಬೇಕಾಗಬಹುದು.

ಪ್ರಶ್ನೆ: ಮೇಡಂ, ನಮ್ಮದು ಹುಬ್ಬಳ್ಳಿ ರೀ. ಮುಂದಿನ ತಿಂಗಳು ತಂಗಿ ಮದುವಿಗೆ ಹತ್ತು ದಿನ ಊರಿಗೆ ಹೊಂಟೀನಿ. ವೇಪ್ ತಗೊಂಡು ಹೋಗಬಹುದೇನ್ರಿ? ಸಿಗರೇಟ್ ಬಿಟ್ಟು ಐದು ತಿಂಗಳಾತು. ಗೆಳ್ಯಾರು ಚಾದಂಗಡಿಗೆ ಕರಕೊಂಡು ಹೋದ್ರ ಮತ್ತ ಶುರು ಆಗ್ತದೇನೋ ಅಂತ ಭಯ.

ಉತ್ತರ: ತಂಗಿ ಮದುವೆ ಚೆನ್ನಾಗಿ ಆಗಲಿ. ವೇಪ್ ಒಯ್ಯಬೇಡಿ. ಭಾರತದಲ್ಲಿ 2019ರ ಕಾಯ್ದೆ ಇ-ಸಿಗರೇಟಿನ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು ಎಲ್ಲವನ್ನೂ ನಿಷೇಧಿಸಿದೆ. ಕರ್ನಾಟಕ ಸರ್ಕಾರ ಅದಕ್ಕೂ ಮೊದಲೇ, 2016ರಲ್ಲೇ ನಿಷೇಧಿಸಿತ್ತು. ಆಮದಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಊರಲ್ಲಿ ಕದ್ದು ಮಾರುವ ಮಾಲಿನೊಳಗೆ ಏನಿದೆ ಅಂತ ಯಾರೂ ಹೇಳಲಾರರು, ಅದೂ ಬೇಡ.

ಇಲ್ಲಿಂದಲೇ ನಿಕೋಟಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ), ನಿಕೋಟಿನ್ ಗಮ್ ಒಯ್ಯಿರಿ. ಮೊದಲು ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದು, ಈಗ 20ರ ಲಿಕ್ವಿಡ್‌ನಲ್ಲಿದ್ದರೆ 21 ಮಿ.ಗ್ರಾಂ ಪ್ಯಾಚ್. ಕೆಲಸ ಶುರುವಾಗಲು ಕೆಲವು ಗಂಟೆ ಬೇಕು, ಹಾಗಾಗಿ ಹೊರಡುವ ದಿನ ಬೆಳಿಗ್ಗೆ ಮನೆಯಲ್ಲೇ ಹಚ್ಚಿ. ಕೂದಲಿಲ್ಲದ ಒಣ ಚರ್ಮ, ತೋಳಿನ ಮೇಲ್ಭಾಗ, ದಿನಾ ಜಾಗ ಬದಲಿಸಿ. ಹತ್ತು ಸೆಕೆಂಡು ಅಂಗೈಯಿಂದ ಒತ್ತಿ. ಕೆಟ್ಟ ಕನಸು ಬಿದ್ದರೆ ಮಲಗುವಾಗ ಕಿತ್ತುಬಿಡಿ.

ಚಾದಂಗಡಿಗೆ 2 ಮಿ.ಗ್ರಾಂ ಗಮ್. ಚೂಯಿಂಗ್ ಗಮ್ ಹಾಗೆ ಜಗಿದರೆ ಹೊಟ್ಟೆ ಉರಿ, ಬಿಕ್ಕಳಿಕೆ, ನಿಕೋಟಿನ್ ಎಲ್ಲ ಹೊಟ್ಟೆ ಪಾಲು. ಖಾರ ಚುರುಚುರು ಅನ್ನುವವರೆಗೆ ಮೆಲ್ಲಗೆ ಜಗಿದು ಕೆನ್ನೆ–ಒಸಡಿನ ಮಧ್ಯೆ ಒತ್ತರಿಸಿಡಿ. ಚುರುಚುರು ಇಳಿದಾಗ ಮತ್ತೆ ನಾಲ್ಕು ಸಲ ಜಗಿದು ಇನ್ನೊಂದು ಕೆನ್ನೆಗೆ. ಅರ್ಧ ಗಂಟೆ ಹೀಗೆ. ಚಹಾ ಕುಡಿದ ಬಾಯಲ್ಲಿ ನಿಕೋಟಿನ್ ಸರಿಯಾಗಿ ಇಳಿಯದು, ಆದ್ದರಿಂದ ಚಹಾಕ್ಕೆ 15 ನಿಮಿಷ ಮುಂಚೆ, ಬೈಕ್ ಹತ್ತುವಾಗಲೇ ಗಮ್ ಮುಗಿಸಿರಬೇಕು. ಬಾಯಾಡಿಸಲು ಲವಂಗ, ಏಲಕ್ಕಿ, ಸೋಂಪು ಜೇಬಲ್ಲಿರಲಿ. ಮದುವೆ ಮನೆಯ ಅಡಿಕೆ, ಪಾನ್ ಮಸಾಲಾ ಬೇಡ, ತಂಬಾಕು ಇಲ್ಲದಿದ್ದರೂ ಅಡಿಕೆಯೇ ಬಾಯಿ ಕ್ಯಾನ್ಸರ್ ತರುತ್ತದೆ. ಗೆಳೆಯರಿಗೆ ಹೋದ ದಿನವೇ ಹೇಳಿಬಿಡಿ: "ಬಿಟ್ಟೀನಿ, ಕೊಡಬ್ಯಾಡ್ರಿ." ತೀರಾ ತಡೆಯಲಾಗದಿದ್ದರೆ 1800-11-2356ಕ್ಕೆ ಕರೆ ಮಾಡಿ, ಭಾರತದ ಉಚಿತ ಕ್ವಿಟ್‌ಲೈನ್.

ಆ ಹತ್ತು ದಿನ ಪ್ಯಾಚ್‌ನಲ್ಲೇ ನೆಮ್ಮದಿಯಾಗಿ ಕಳೆದರೆ, ವಾಪಸ್ ಬಂದು ವೇಪ್ ಮತ್ತೆ ಹಿಡಿಯಲೇಬೇಕು ಅಂತಿಲ್ಲ. 21ರದ್ದು ಒಟ್ಟು ಆರು ವಾರ, 14 ಎರಡು ವಾರ, 7 ಎರಡು ವಾರ, ಅಲ್ಲಿಗೆ ಮುಗಿಯಿತು. ವೇಪ್‌ಗೇ ಮರಳಿದರೆ 20ರಿಂದ 10, 10ರಿಂದ 5, ಒಂದೊಂದು ಮೆಟ್ಟಿಲಲ್ಲಿ ಮೂರು–ನಾಲ್ಕು ವಾರ. ಇಳಿಸಿದ ಮೇಲೆ ಪಫ್ ಹೆಚ್ಚಾದರೆ ಅಥವಾ ಸಿಗರೇಟ್ ನೆನಪಾದರೆ ಮತ್ತೆ ಒಂದು ಮೆಟ್ಟಿಲು ಮೇಲೆ ಹತ್ತಿ, ಅವಸರ ಏನಿಲ್ಲ ರೀ.