ಗುಂಪಿಗೆ ಬರುವ ಪುಸ್ತಕದ ಪಿಡಿಎಫ್: ಹಂಚಬಹುದಾ?

ಓದುಗ_ಹಾಸನ: ಟೆಲಿಗ್ರಾಂನಲ್ಲಿ ನಮ್ಮದೊಂದು ಓದುಗರ ಗುಂಪಿದೆ, ಅಡ್ಮಿನ್ ನಾನೇ. ಕನ್ನಡ ಪುಸ್ತಕಗಳ ಪಿಡಿಎಫ್ ದಂಡಿಯಾಗಿ ಬರುತ್ತಿವೆ. ಮೊನ್ನೆ ಬಂದ ಕಾದಂಬರಿಯಲ್ಲಿ ಪುಟ ಹಿಡಿದವರ ಹೆಬ್ಬೆರಳೂ ಸ್ಕ್ಯಾನ್ ಆಗಿದೆ! ಮೊದಲ ಪುಟದಲ್ಲಿ ಗ್ರಂಥಾಲಯದ ಸೀಲು ಬೇರೆ. ನಾವು ಯಾರ ಹತ್ತಿರವೂ ದುಡ್ಡು ತಗೊಳ್ಳಲ್ಲ. ಆದರೂ ತೊಂದರೆ ಇದೆಯಾ?

ಅಚ್ಚುಮನೆ: ಇದೆ ಸಾರ್. ಪುಕ್ಕಟೆ ಕೊಟ್ಟರೂ ಹಂಚಿದ ಹಾಗೇ ಅಲ್ವಾ? 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ, ಲೆಕ್ಕ ಮರುವರ್ಷದಿಂದ. ಕುವೆಂಪು ಹೋಗಿದ್ದು 1994ರಲ್ಲಿ. ಅಂದರೆ 2054 ಮುಗಿಯುವವರೆಗೆ ಕಾಯಬೇಕು. ಬಿ.ಎಂ.ಶ್ರೀ ಹೋಗಿದ್ದು 1946ರಲ್ಲಿ, ಅವರು ಬದುಕಿದ್ದಾಗ ಅಚ್ಚಾದದ್ದನ್ನು ಧಾರಾಳವಾಗಿ ಹಂಚಿ. ನಮ್ಮಂಥ ಸಣ್ಣ ಪ್ರಕಾಶಕರು ಹಾಕಿಸುವುದೇ 500 ಪ್ರತಿ. ಬಿಡುಗಡೆಯಾದ ವಾರದಲ್ಲೇ ಪಿಡಿಎಫ್ ಓಡಾಡಿದರೆ ಗೋಡೌನಿನಲ್ಲಿ ಕಟ್ಟು ಬಿಚ್ಚುವುದೇ ಬೇಡ.

ಕರಿಕೋಟು: ಅಡ್ಮಿನ್ ಅಂದಿರಲ್ಲ, ಹುಷಾರು. 2022ರಲ್ಲಿ ಕೋಚಿಂಗ್ ಪಾಠಗಳನ್ನು ಕದ್ದು ಹಂಚುತ್ತಿದ್ದ ಚಾನೆಲ್‌ಗಳ ಹಿಂದಿರುವವರ ವಿವರ ಕೊಡಿ ಅಂತ ದೆಹಲಿ ಹೈಕೋರ್ಟ್ ಟೆಲಿಗ್ರಾಂಗೇ ಆದೇಶ ಮಾಡಿತು. ಫೋನ್ ನಂಬರು, ಐಪಿ ವಿಳಾಸ ಎಲ್ಲ. ಅಡ್ಡಹೆಸರು ಇಟ್ಟುಕೊಂಡರೆ ಸಿಗಲ್ಲ ಅನ್ನುವ ಧೈರ್ಯ ಸುಮ್ನೆ.

ಹಳೇಪುಟ: ಎಲ್ಲ ಸರಿ. ಆದರೆ ವರ್ಷಗಟ್ಟಲೆ ಮರುಮುದ್ರಣ ಕಾಣದ ಪುಸ್ತಕ ಓದುವುದು ಹೇಗೆ? ಅಂಗಡಿಯಲ್ಲೂ ಇಲ್ಲ, ಲೈಬ್ರರಿಯಲ್ಲಿ ಗೆದ್ದಲು.

ಅಚ್ಚುಮನೆ: ನಿಮ್ಮ ಸಿಟ್ಟು ನ್ಯಾಯವೇ, ಅದರಲ್ಲಿ ನಮ್ಮ ಪಾಲೂ ಇದೆ. ಲೇಖಕರ ಮನೆಯವರಿಗೆ ಒಂದು ಕಾಗದ ಬರೆದು ಕೇಳಿ. ಒಪ್ಪಿಗೆ ಮಾತ್ರ ಬರವಣಿಗೆಯಲ್ಲೇ ಇರಲಿ.