ಆರಾಧನೆಯಲ್ಲಿ ಸಂಗೀತದ ಶೈಲಿಗೆ ನೈತಿಕ ಅರ್ಥವಿದೆಯೇ?

ಪ್ರಶ್ನೆ: ಸಾಹಿತ್ಯ ಬೈಬಲ್ಲಿಗೆ ನಿಷ್ಠವಾಗಿದ್ದರೂ ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ಸೇರಿದ ಕೂಡಲೇ ಆ ಹಾಡು ಆರಾಧನೆಗೆ ತಕ್ಕದ್ದಲ್ಲ ಎಂದು ನಮ್ಮ ಸಭೆಯ ಹಿರಿಯರೊಬ್ಬರು ಹೇಳುತ್ತಾರೆ. ತಾಳಕ್ಕೂ ಪಾಪ ಪುಣ್ಯಗಳಿವೆಯೇ?

ಉತ್ತರ 1: ಇಲ್ಲವೆಂದೇ ನನ್ನ ಅಭಿಪ್ರಾಯ. ಇಂದು ಪವಿತ್ರವೆನಿಸುವ ಪೈಪ್ ಆರ್ಗನ್ನನ್ನೇ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಧರ್ಮಸುಧಾರಕ ಜ್ವಿಂಗ್ಲಿಯ ಕಾಲದಲ್ಲಿ, 1527ರಲ್ಲಿ, ಜ್ಯೂರಿಕ್‌ನ ಗ್ರೋಸ್‌ಮ್ಯೂನ್‌ಸ್ಟರ್ ಚರ್ಚಿನಿಂದ ಕಿತ್ತುಹಾಕಿದ್ದರು; 1963ರಲ್ಲಿ ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ ಅದೇ ವಾದ್ಯಕ್ಕೆ ವಿಶೇಷ ಗೌರವ ಸಲ್ಲಬೇಕೆಂದಿತು.

ಉತ್ತರ 2: ಪೂರ್ತಿಯಾಗಿ ಒಪ್ಪಲಾರೆ. ಶೈಲಿಗೆ ಜನರ ನೆನಪುಗಳು ಅಂಟಿಕೊಂಡಿರುತ್ತವೆ. ಪಾಪನಿವೇದನೆಯ ಸಾಲುಗಳನ್ನು ಕುಣಿತದ ಲಯದಲ್ಲಿ ಹಾಡಿದರೆ ಮನಸ್ಸು ಒಂದು ಕಡೆ, ಮೈ ಇನ್ನೊಂದು ಕಡೆ ಎಳೆಯುತ್ತದೆ. ಅದನ್ನು ಪಾಪವೆನ್ನುವುದಕ್ಕಿಂತ ಅನೌಚಿತ್ಯವೆನ್ನಬಹುದು. ಹಾಡಿದ ಮಾತಿಗಿಂತ ಹಾಡಿಕೆಯೇ ತನ್ನನ್ನು ಹೆಚ್ಚು ಕಲಕಿದಾಗ ಪ್ರಾಚೀನ ಕ್ರೈಸ್ತ ಚಿಂತಕ ಸಂತ ಅಗಸ್ಟೀನ ದೂರಿದ್ದು ರಾಗವನ್ನಲ್ಲ, ತನ್ನನ್ನೇ.

ಪ್ರಶ್ನೆ ಕೇಳಿದವರು: ಹಾಗಾದರೆ ಶೈಲಿಯ ಮಾತು ಬಿಟ್ಟು, ಒಂದೊಂದೇ ಹಾಡನ್ನು ಹಿರಿಯರ ಮುಂದಿಡುತ್ತೇನೆ.